ಸ್ಕ್ರಿಪ್ಟ್‌ನಲ್ಲಿ ಪಾಸ್‌ವರ್ಡ್ ಕಾಣದಂತೆ ಕೇಳುವುದು: ಮೂರು ದಾರಿ ಬಳಸಿ ನೋಡಿದ್ದು

ನನ್ನ ಬ್ಯಾಕಪ್ ಸ್ಕ್ರಿಪ್ಟ್ ಮೊದಲು ಪಾಸ್‌ವರ್ಡನ್ನು ಕಮಾಂಡ್ ಜೊತೆಗೇ ತಗೊಳ್ಳುತ್ತಿತ್ತು. ಒಂದು ದಿನ ಅದು ಓಡುತ್ತಿರುವಾಗ 'ಪಿಎಸ್' (ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ ತೋರಿಸುವ ಕಮಾಂಡ್) ಹೊಡೆದು ನೋಡಿದೆ. ಪಾಸ್‌ವರ್ಡ್ ಪೂರ್ತಿ ಕಾಣುತ್ತಿತ್ತು. ಶೆಲ್ (ಕಮಾಂಡ್ ತಗೊಂಡು ನಡೆಸುವ ಪ್ರೋಗ್ರಾಮ್) ಉಳಿಸಿಡುವ ಹಳೆಯ ಕಮಾಂಡ್‌ಗಳ ಹಿಸ್ಟರಿಯಲ್ಲೂ ಇತ್ತು. ಅವತ್ತೇ ಆ ದಾರಿ ಬಿಟ್ಟೆ.

ಮೊದಲು ಹಿಡಿದದ್ದು ಬ್ಯಾಶ್ ಅನ್ನುವ ಶೆಲ್‌ನ 'ರೀಡ್ -ಎಸ್', ಟೈಪ್ ಮಾಡಿದ್ದನ್ನು ತೋರಿಸದೆ ಓದಿಕೊಳ್ಳುವ ಕಮಾಂಡ್. ಒಂದೇ ಸಾಲಿನ ಕೆಲಸ. ಎಂಟರ್ ಒತ್ತಿದರೂ ಹೊಸ ಸಾಲು ಬರೋದಿಲ್ಲ, ಹಾಗಾಗಿ ಕೆಳಗೆ ಒಂದು ಖಾಲಿ 'ಎಕೋ' (ತೆರೆಗೆ ಬರೆಯುವ ಕಮಾಂಡ್) ಹಾಕಬೇಕು. ಜೊತೆಗೆ '-ಆರ್' ಮರೆಯಬೇಡಿ. ನಾನು ಮರೆತಿದ್ದೆ. ನನ್ನ ಪಾಸ್‌ವರ್ಡ್‌ನಲ್ಲಿದ್ದ ಬ್ಯಾಕ್‌ಸ್ಲ್ಯಾಶ್ ಮಾಯವಾಗಿ ಲಾಗಿನ್ ಆಗಲೇ ಇಲ್ಲ. ತೆರೆಯ ಮೇಲೆ ಏನೂ ಕಾಣೋದಿಲ್ಲವಲ್ಲ, ಟೈಪ್ ಮಾಡಿದ್ದೇ ತಪ್ಪು ಅಂದುಕೊಂಡು ಮತ್ತೆ ಮತ್ತೆ ಹೊಡೆದೆ. ಇನ್ನೊಂದು ತೊಡಕೂ ಇದೆ. ಡೆಬಿಯನ್, ಉಬುಂಟುಗಳಲ್ಲಿ 'ಎಸ್‌ಎಚ್' ಅಂದರೆ ಡ್ಯಾಶ್ ಅನ್ನುವ ಇನ್ನೊಂದು ಶೆಲ್. ಅದಕ್ಕೆ '-ಎಸ್' ಗೊತ್ತಿಲ್ಲ, ಎರರ್ ಕೊಡುತ್ತದೆ.

ಅಲ್ಲಿ ಕೈಹಿಡಿಯುವುದು 'ಎಸ್‌ಟಿಟಿವೈ -ಎಕೋ'. ಟೈಪ್ ಮಾಡಿದ್ದು ತೆರೆಯ ಮೇಲೆ ಮೂಡುವುದನ್ನು (ಇದಕ್ಕೂ ಎಕೋ ಅಂತಲೇ ಹೆಸರು) ಇದು ಆರಿಸುತ್ತದೆ. ಶೆಲ್ ಯಾವುದಾದರೂ ನಡೆಯುತ್ತದೆ. ಆದರೆ ಇದು ಟರ್ಮಿನಲ್ಲಿನ ಸೆಟ್ಟಿಂಗನ್ನೇ ಬದಲಿಸುತ್ತದೆ. ಎಕೋ ವಾಪಸ್ ಹಾಕುವ ಮೊದಲೇ ಸ್ಕ್ರಿಪ್ಟ್ ನಿಂತರೆ ಆಮೇಲೆ ಏನು ಟೈಪ್ ಮಾಡಿದರೂ ಕಾಣದೆ ಹೋಗಬಹುದು. ಆಗ ಕಾಣದಿದ್ದರೂ ಪರವಾಗಿಲ್ಲ, 'ಎಸ್‌ಟಿಟಿವೈ ಎಕೋ' ಅಂತ ಹೊಡೆದು ಎಂಟರ್ ಒತ್ತಿ. ನಾನೀಗ 'ಎಸ್‌ಟಿಟಿವೈ'ಗೆ '-ಜಿ' ಕೊಟ್ಟು ಹಳೆಯ ಸೆಟ್ಟಿಂಗ್ ಉಳಿಸಿಕೊಂಡು, ಅದನ್ನು ವಾಪಸ್ ತರಲು 'ಟ್ರ್ಯಾಪ್' (ಸ್ಕ್ರಿಪ್ಟ್ ನಿಲ್ಲುವಾಗ ತಾನಾಗಿ ನಡೆಯುವ ಸಾಲು) ಹಾಕಿದ ಮೇಲೇ ಎಕೋ ಆರಿಸುತ್ತೇನೆ.

ಮೂರನೆಯದು ಪೈಥಾನ್ ಭಾಷೆಯ 'ಗೆಟ್‌ಪಾಸ್'. ನನಗೆ ಜಾಸ್ತಿ ಹಿಡಿಸಿದ್ದು ಇದೇ. ಸ್ಕ್ರಿಪ್ಟ್‌ಗೆ ಪೈಪ್‌ನಿಂದ (ಒಂದು ಕಮಾಂಡ್‌ನ ಔಟ್‌ಪುಟ್ ಇನ್ನೊಂದಕ್ಕೆ ಹರಿಸುವ ದಾರಿ) ಫೈಲ್ ಬರುತ್ತಿದ್ದರೆ 'ರೀಡ್ -ಎಸ್' ಆ ಫೈಲಿನ ಮೊದಲ ಸಾಲನ್ನೇ ಪಾಸ್‌ವರ್ಡ್ ಅಂದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಗೆಟ್‌ಪಾಸ್ ನೇರವಾಗಿ ಟರ್ಮಿನಲ್ಲನ್ನೇ ತೆರೆದು ಕೇಳುತ್ತದೆ. ಎಕೋ ವಾಪಸ್ ಹಾಕುವುದನ್ನೂ ಅದೇ ನೋಡಿಕೊಳ್ಳುತ್ತದೆ. ಪೈಥಾನ್ 3.14ರಿಂದ ಅಕ್ಷರದ ಬದಲು ನಕ್ಷತ್ರ ತೋರಿಸಲೂ ಬರುತ್ತದೆ. ಪಾಸ್‌ವರ್ಡ್ ಎಷ್ಟು ಉದ್ದ ಅಂತ ಪಕ್ಕದವರಿಗೆ ತಿಳಿಯುತ್ತದೆ, ನಿಜ. ಆದರೂ ಕೀಲಿ ಬಿದ್ದಿತೋ ಇಲ್ಲವೋ ಅನ್ನುವ ಗೊಂದಲ ತಪ್ಪುತ್ತದೆ ಅಲ್ವಾ?

ಹತ್ತು ಸಾಲಿನ ಬ್ಯಾಶ್ ಸ್ಕ್ರಿಪ್ಟ್‌ಗೋಸ್ಕರ ಸುಮ್ನೆ ಪೈಥಾನ್ ತರೋದಿಲ್ಲ, ಅಲ್ಲಿ 'ರೀಡ್ -ಆರ್ -ಎಸ್' ಸಾಕು. ಆದರೆ ಅದೇ ಸ್ಕ್ರಿಪ್ಟ್‌ನಲ್ಲಿ 'ಸೆಟ್ -ಎಕ್ಸ್' (ನಡೆಸುವ ಪ್ರತಿ ಕಮಾಂಡನ್ನೂ ತೆರೆಗೆ ತೋರಿಸುವ ಸೆಟ್ಟಿಂಗ್) ಇದ್ದರೆ ಮುಚ್ಚಿಟ್ಟ ಪಾಸ್‌ವರ್ಡ್ ಮುಂದೆ ಬಳಸುವ ಸಾಲಿನಲ್ಲಿ ತೆರೆಗೆ ಬಂದುಬಿಡುತ್ತದೆ. ಬೇರೆ ಪ್ರೋಗ್ರಾಮಿಗೆ ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಮತ್ತೆ 'ಪಿಎಸ್'ನಲ್ಲಿ ಕಾಣುತ್ತದೆ. ಅದಕ್ಕೇ 'ಪ್ರಿಂಟ್‌ಎಫ್'ನಿಂದ ಪೈಪ್ ಮಾಡಿ ಕೊಡುತ್ತೇನೆ. ಅದು ಬ್ಯಾಶ್‌ನ ಒಳಗಿನದೇ ಕಮಾಂಡ್, ಪಾಸ್‌ವರ್ಡ್ ಸಮೇತ 'ಪಿಎಸ್' ಪಟ್ಟಿಗೆ ಬರೋದಿಲ್ಲ.