ಪಾರ್ಟಿ ಹಂಚೋದಾ, ಕೆಲಸ ಹಂಚೋದಾ? ಎರಡೂ ಮಾಡಿ ನೋಡ್ದೆ

ದಾವಣಗೆರೆಲಿ ನಮ್ದೊಂದು ಸಣ್ಣ ಅಕೌಂಟ್ಸ್ ಆಫೀಸು, ಪಾರ್ಟಿ ಅಂದ್ರೆ ನಮ್ ಹತ್ರ ಲೆಕ್ಕ ಬರೆಸೋ ಗಿರಾಕಿಗಳು. ವ್ಯಾಟ್ ಕಾಲದಿಂದ್ಲೂ ಒಂದೇ ಪದ್ಧತಿ, ಇಷ್ಟು ಪಾರ್ಟಿ ಒಬ್ರಿಗೆ ಇಷ್ಟು ಇನ್ನೊಬ್ರಿಗೆ ಅಂತ ಹಂಚಿಬಿಟ್ರೆ ಬಿಲ್ ಎಂಟ್ರಿಯಿಂದ ರಿಟರ್ನ್‌ವರೆಗೂ ಅವರೇ ನೋಡ್ಕೋಬೇಕು. ಅದನ್ನ ಬಿಟ್ಟು ಆರು ತಿಂಗಳು ಕೆಲಸದ ಪ್ರಕಾರ, ಅಂದ್ರೆ ಎಲ್ಲಾ ಪಾರ್ಟಿಗಳ ಒಂದೊಂದು ಕೆಲಸ ಒಬ್ಬೊಬ್ರಿಗೆ ಅಂತ ಹಂಚಿದ್ದೆ.

ನಮ್ಮಲ್ಲಿ ಒಬ್ರು ಹಿರಿಯರು, ಎಲ್ರೂ ಮೇಷ್ಟ್ರೇ ಅಂತೀವಿ, ಒಂದು ವೋಚರನ್ನೂ ನೋಡದೆ ಬಿಡಲ್ಲ. ಇನ್ನೊಬ್ಳು ಬಿಕಾಂ ಮುಗಿಸಿ ಬಂದ ಹುಡುಗಿ, ಫೋನ್ ಹಿಡಿದ್ರೆ ಎದುರಿಗಿರೋರಿಂದ ಕೆಲಸ ಮಾಡಿಸಿಯೇ ಇಡೋದು.

ಹಳೇ ಪದ್ಧತಿಲಿ ಮೇಷ್ಟ್ರ ಪುಸ್ತಕ ಬಂಗಾರ. ಆದ್ರೆ 2022ರ ಜನವರಿಯಿಂದ ಖರೀದಿಲಿ ಕೊಟ್ಟ ಜಿಎಸ್‌ಟಿ ನಮ್ ತೆರಿಗೆಲಿ ಕಳ್ಕೊಳ್ಳೋಕೆ ಬಿಲ್ ಕೈಲಿದ್ರೆ ಸಾಲ್ದು, ಅದು ಟು-ಬಿ ಅನ್ನೋ ಪೋರ್ಟಲ್ ಪಟ್ಟಿಲಿ ಕಾಣ್ಬೇಕು, ಅಂದ್ರೆ ತಿಂಗಳಾ ತಿಂಗಳಾ ರಿಟರ್ನ್ ಹಾಕೋ ಸಪ್ಲೈಯರ್ 11ರೊಳಗೆ ತನ್ನ ಆರ್-ಒನ್ (ಮಾರಾಟದ ರಿಟರ್ನ್) ಹಾಕಿರ್ಬೇಕು, 14ಕ್ಕೆ ಟು-ಬಿ ಬರುತ್ತೆ, 20ಕ್ಕೆ ನಮ್ಮ ತ್ರೀ-ಬಿ, ಅಂದ್ರೆ ತೆರಿಗೆ ಕಟ್ಟೋ ರಿಟರ್ನ್. ಮೇಷ್ಟ್ರು "ಅವ್ನು ಹಾಕ್ಲಿಲ್ಲ ಅಂದ್ರೆ ನಮ್ ತಪ್ಪೇನಪ್ಪಾ" ಅಂತಿದ್ರು. ಹೀಗೇ ಬಿಲ್ ಟು-ಬಿಲಿ ಬರದೆ ಒಂದು ಹಾರ್ಡ್‌ವೇರ್ ಅಂಗಡಿಯೋರು ಒಂದು ತಿಂಗಳು 38 ಸಾವಿರ ಕೈಯಿಂದ ಕಟ್ಟಿದ್ರು, ಅವ್ರ ಮುಖ ನೋಡೋಕೆ ನನಗೇ ಕಷ್ಟ ಆಯ್ತು.

ಕೆಲಸ ಹಂಚಿದ ಮೇಲೆ ಹುಡುಗಿ 7ನೇ ತಾರೀಖಿಂದ್ಲೇ ಎಲ್ಲಾ ಪಾರ್ಟಿಗಳ ಸಪ್ಲೈಯರ್‌ಗೂ ವಾಟ್ಸಾಪ್, ಫೋನು. ಮ್ಯಾಚ್ ಆಗದೇ ಉಳಿಯೋ ಬಿಲ್ಲು ಅರ್ಧಕ್ಕಿಂತ ಕಮ್ಮಿ ಆಯ್ತು. ಇದ್ರಲ್ಲಿ ಅವಳೇ ಮುಂದು, ಅನುಮಾನವೇ ಇಲ್ಲ.

ಆದ್ರೆ ವರ್ಷದ ಕೊನೆಲಿ 45 ದಿನದ ರೂಲ್ ನೋಡುವಾಗ ಕಥೆ ತಿರುಗಿತು. ಸಣ್ಣ ಉದ್ಯಮದೋರಿಗೆ ಟೈಮಿಗೆ ದುಡ್ಡು ಕೊಡದೆ ಬಾಕಿ ವರ್ಷ ದಾಟಿದ್ರೆ ಇನ್‌ಕಮ್ ಟ್ಯಾಕ್ಸಲ್ಲಿ ಆ ವರ್ಷ ಆ ಖರ್ಚು ಒಪ್ಪಲ್ವಲ್ಲ, ಹುಡುಗಿ ಉದ್ಯಮ್ ನಂಬರ್ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ) ಇದ್ದೋರನ್ನೆಲ್ಲಾ ಪಟ್ಟಿಗೆ ಸೇರಿಸಿದ್ಳು. ಮೇಷ್ಟ್ರು ಒಂದೊಂದೇ ಸರ್ಟಿಫಿಕೇಟ್ ತೆಗೆದು ಓದಿ, ಇವ್ರು ತಯಾರಕರಲ್ಲ, ಬರೀ ವ್ಯಾಪಾರಸ್ಥರು, ಇವ್ರಿಗೆ ಈ ರೂಲ್ ಬರಲ್ಲ ಅಂತ ಎರಡು ಲಕ್ಷದಷ್ಟು ಖರ್ಚು ತಳ್ಳಿಹೋಗದ ಹಾಗೆ ಉಳಿಸಿದ್ರು. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಇರೋವಾಗ ಇಂಥೋರು ಯಾಕೆ ಬೇಕು ಅನ್ನೋರ ಮಾತು ಕೇಳಿದ್ರೆ ನನಗೆ ನಿಜಕ್ಕೂ ಬೇಜಾರಾಗುತ್ತೆ.

ಹೊಸ ಪದ್ಧತಿಲೂ ತೊಂದ್ರೆ ಇದೆ. "ನಮ್ ಲೆಕ್ಕ ಈಗ ಯಾರ್ ಹತ್ರ ಇದೆ ಸರ್" ಅಂತ ಪಾರ್ಟಿಗಳು ಕೇಳ್ತಾರೆ, ಕೈ ಬದಲಾಗುವಾಗ ಒಂದೆರಡು ಕ್ರೆಡಿಟ್ ನೋಟ್ (ಬಿಲ್ ಮೊತ್ತ ಕಮ್ಮಿ ಮಾಡೋ ಚೀಟಿ) ಕೂಡ ತಪ್ಪಿಹೋಗಿತ್ತು.

ಹಾಗಾಗಿ ತಿಂಗಳಾ ತಿಂಗಳಾ ರಿಟರ್ನ್ ಇರೋರಿಗೆ ಕೆಲಸದ ಹಂಚಿಕೆನೇ ಇಟ್ಕೊಂಡೆ, ಮೂರು ತಿಂಗಳಿಗೊಮ್ಮೆ ಹಾಕೋ ಸಣ್ಣ ಅಂಗಡಿಗಳು ಮಾತ್ರ ಮೊದಲಿನ ಹಾಗೆ ಒಬ್ರ ಕೈಲೇ. ನೋಟಿಸ್, ಆಡಿಟ್ ಪೂರಾ ಮೇಷ್ಟ್ರದ್ದು, 20ನೇ ತಾರೀಖು ಕಳೆದ ಮೇಲೆ ದಿನಾ ಸಂಜೆ ಒಂದು ಗಂಟೆ ಹುಡುಗಿ ಅವ್ರ ಪಕ್ಕ ಕೂತು ನೋಟಿಸ್‌ಗೆ ಉತ್ತರ ಬರೆಯೋದು ಕಲೀತಿದಾಳೆ.