ಕಾರೋ ಟ್ರಕ್ಕೋ: ಕಲಬುರಗಿ ಬಿಸಿಲಿಗೆ ಒಗ್ಗುವ ಮಾಡೆಲ್ ಕಿಟ್ ಯಾವುದು

ಪ್ಲಾಸ್ಟಿಕ್ ತುಂಡು ಅಂಟಿಸಿ, ಬಣ್ಣ ಹೊಡೆದು ಕಟ್ಟುವ ಮಾಡೆಲ್ ಕಿಟ್‌ನಲ್ಲಿ ನನ್ನ ಓಟು ಕಾರಿಗೆ. ಅದೂ 1/24 ಅಳತೆಯ (ನಿಜವಾದದ್ದರ ಇಪ್ಪತ್ನಾಲ್ಕನೇ ಒಂದು ಪಾಲು), ಬಾನೆಟ್ ತೆರೆಯದ, ಒಳಗೆ ಎಂಜಿನ್ನೇ ಇಲ್ಲದ ಜಪಾನಿ ಕಾರ್ ಕಿಟ್‌ಗೆ. ವಾಡಿ, ಶಹಾಬಾದ್, ಸೇಡಂ ಕಡೆಯಿಂದ ಸಿಮೆಂಟ್ ಹೊತ್ತು ಬರುವ ಲಾರಿಗಳನ್ನು ದಿನವೂ ನೋಡುವವರ ಕೈ ಮೊದಲು ಹೋಗುವುದು ಟ್ರಕ್ ಡಬ್ಬಿಗೇ. ಡಬ್ಬಿಯ ಮೇಲಿನ ಚಿತ್ರವೂ ಹಾಗೇ ಇರುತ್ತದೆ. ಆದರೆ ಕಟ್ಟಲು ಕೂತ ಮೇಲೆ ಲೆಕ್ಕ ಬೇರೆ.

ಇಲ್ಲಿ ಹೋಲಿಸುತ್ತಿರುವುದು ಮೂರು ಬಗೆಯನ್ನು. ಒಂದು, ಟಾಮಿಯಾ, ಫುಜಿಮಿ, ಹಸೆಗಾವಾ ಕಂಪನಿಗಳು ತರುವಂಥ 1/24 ಕಾರು. ಎರಡು, ಸ್ಕ್ಯಾನಿಯಾ, ವೋಲ್ವೋ ಮಾದರಿಯ, ಮುಂದೆ ಮೂತಿ ಇಲ್ಲದ ಯುರೋಪಿನ 1/24 ಟ್ರಕ್ಕು. ಮೂರು, ಪೀಟರ್‌ಬಿಲ್ಟ್, ಕೆನ್‌ವರ್ತ್ ಮಾದರಿಯ ಉದ್ದ ಮೂತಿಯ ಅಮೆರಿಕದ 1/25 ಟ್ರಕ್ಕು. ಈ ಮೂರನೆಯದರ ಅಚ್ಚುಗಳು ಎಷ್ಟೋ ಸಲ ಅರ್ಧ ಶತಮಾನ ಹಳೆಯವು, ಹೊಸ ಡಬ್ಬಿಯಲ್ಲಿ ಮತ್ತೆ ಬರುತ್ತವೆ. ಮುಂದೆ ಹೇಳುವ ತಾಪತ್ರಯ ಯಾವುದೋ ಒಂದು ಕಂಪನಿಯದಲ್ಲ, ಆ ಬಗೆಯ ಕಿಟ್‌ನ ಗುಣ. ಟಾಮಿಯಾ ಹೆಸರಿನ 1/14 ಟ್ರಕ್ಕುಗಳು ರಿಮೋಟ್‌ನವು, ಆ ಖರ್ಚೇ ಬೇರೆ, ಇಲ್ಲಿ ಬೇಡ. 1/24, 1/25 ನಡುವಿನ ವ್ಯತ್ಯಾಸಕ್ಕೂ ತಲೆ ಕೆಡಿಸಿಕೊಳ್ಳಬೇಡಿ: ನಾಲ್ಕೂಕಾಲು ಮೀಟರಿನ ಕಾರಿನಲ್ಲಿ ಅದು ಏಳು ಮಿಲಿಮೀಟರ್.

ಟ್ರಕ್ಕಿನ ನಿಜವಾದ ತಲೆನೋವು ಒಂದೇ, ಚಾಸಿಸ್, ಅಂದರೆ ಗಾಡಿಯ ಅಡಿಯ ಚೌಕಟ್ಟು. ಕಾರಿನ ಕಿಟ್‌ನಲ್ಲಿ ತಳ ಅನ್ನುವುದು ಒಂದೇ ತುಂಡು. ಅಚ್ಚಿನಿಂದಲೇ ಸಮವಾಗಿ ಬಂದಿರುತ್ತದೆ, ಅದಕ್ಕೆ ಸಸ್ಪೆನ್ಷನ್ ಕೂರಿಸಿ ಚಕ್ರ ಒತ್ತಿದರೆ ನಾಲ್ಕೂ ನೆಲ ಮುಟ್ಟುತ್ತವೆ. ಟ್ರಕ್ಕಿನಲ್ಲಿ ಹಾಗಲ್ಲ. ಎರಡು ಉದ್ದ ರೈಲು (ಹಳಿಯಂಥ ಪಟ್ಟಿ), ನಡುವೆ ನಾಲ್ಕಾರು ಅಡ್ಡಪಟ್ಟಿ. ಈ ಏಣಿಯನ್ನು ನೀವೇ ಕಟ್ಟಬೇಕು. ಅಡ್ಡಪಟ್ಟಿಯ ಗೂಟ ತೂತಿನಲ್ಲಿ ಸ್ವಲ್ಪ ಸಡಿಲ ಇರುತ್ತದೆ. ಅಂಟು ಹಚ್ಚಿದ ಮೇಲೆ ಒಂದು ರೈಲು ಕೂದಲೆಳೆಯಷ್ಟು ಮೇಲಕ್ಕೆ ತಿರುಚಿಕೊಂಡರೂ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಬಣ್ಣವೆಲ್ಲ ಮುಗಿದು ಶೋಕೇಸಿನಲ್ಲಿ ಇಟ್ಟ ದಿನ, ಕುಂಟುವ ಹೊರಸಿನ ಹಾಗೆ ಒಂದು ಚಕ್ರ ಗಾಳಿಯಲ್ಲಿ ನಿಂತಾಗ.

ಯಾಕೆ ಹೀಗೆ ಅನ್ನುವುದಕ್ಕೆ ಸರಳ ಲೆಕ್ಕ ಇದೆ. ನಿಜವಾದ ಟ್ರಕ್ಕಿನ ಚಾಸಿಸ್ ಅಗಲ ಸುಮಾರು 850 ಮಿ.ಮೀ., ಮಾಡೆಲ್‌ನಲ್ಲಿ 35 ಮಿ.ಮೀ. ಎಡಬಲ ಚಕ್ರಗಳ ನಡುವಿನ ಅಂತರ ಎರಡು ಮೀಟರ್ ಚಿಲ್ಲರೆ, ಮಾಡೆಲ್‌ನಲ್ಲಿ ಸುಮಾರು 85. ಅಂದರೆ ರೈಲಿನ ಬಳಿ ಆದ ತಿರುಚು ಟೈರಿನ ಬಳಿ ಎರಡೂವರೆ ಪಟ್ಟು ಆಗುತ್ತದೆ. ರೈಲಿನಲ್ಲಿ 0.3 ಮಿ.ಮೀ. ತಪ್ಪಿದರೆ ಟೈರು ಮುಕ್ಕಾಲು ಮಿಲಿಮೀಟರ್ ಎದ್ದು ನಿಲ್ಲುತ್ತದೆ. ನಿಜವಾದ ಲಾರಿಯಲ್ಲಿ ಪಾಟಾ (ಆಕ್ಸಲ್ ಮೇಲಿನ ಪಟ್ಟಿ ಸ್ಪ್ರಿಂಗ್) ಅದನ್ನು ನುಂಗುತ್ತದೆ. ಇಲ್ಲಿ ಪಾಟಾ ಅಂದರೆ ಒಂದೇ ಗಟ್ಟಿ ಪ್ಲಾಸ್ಟಿಕ್ಕು, ಬಾಗುವ ಮಾತೇ ಇಲ್ಲ.

ಪರಿಹಾರ ಇದೆ, ಆದರೆ ತಾಳ್ಮೆ ಬೇಡುತ್ತದೆ. ಮೊದಲು ಸಮತಟ್ಟಾದ ಜಾಗ ಬೇಕು. ಮನೆಯ ಶಹಾಬಾದ್ ಫರ್ಸಿ ನಂಬಬೇಡಿ, ಎಷ್ಟು ಪಾಲಿಶ್ ಮಾಡಿಸಿದ್ದರೂ ಅದರಲ್ಲಿ ಏರಿಳಿತ ಇರುತ್ತದೆ. ಗಾಜಿನ ಅಂಗಡಿಯಲ್ಲಿ 8 ಮಿ.ಮೀ. ದಪ್ಪದ ಗಾಜು, ಒಂದಡಿ ಉದ್ದ, ಮುಕ್ಕಾಲಡಿ ಅಗಲ ಕತ್ತರಿಸಿ, ಅಂಚು ಉಜ್ಜಿಸಿ ತನ್ನಿ. ಎರಡೂ ರೈಲುಗಳನ್ನು ಅದರ ಮೇಲೆ ಮಲಗಿಸಿ ಬೆಳಕಿಗೆ ಹಿಡಿದು ನೋಡಿ. ಕೆಳಗೆ ಬೆಳಕು ಕಂಡರೆ ರೈಲು ಬಾಗಿದೆ ಅಂತ. ಆಗ ತಾನೆ ಕುದ್ದು ಇಳಿಸಿದ ನೀರನ್ನು ತಟ್ಟೆಗೆ ಸುರಿದು, ರೈಲನ್ನು ಅರ್ಧ ನಿಮಿಷ ಅದ್ದಿ, ಗಾಜಿನ ಮೇಲೆ ಒತ್ತಿ ಹಿಡಿದು ಆರಲು ಬಿಡಿ. ಒಲೆಯ ಮೇಲೆ ಕುದಿಯುತ್ತಿರುವ ನೀರಿಗೇ ಹಾಕಬೇಡಿ. ಪಾಲಿಸ್ಟೈರೀನ್ ಮೆತ್ತಗಾಗುವುದು ನೂರು ಡಿಗ್ರಿಯ ಹತ್ತಿರ, ಅಲ್ಲಿ ರೈಲು ಪೂರಾ ಸೊಟ್ಟಗಾಗುತ್ತದೆ.

ಆಮೇಲೆ ಅಂಟಿಲ್ಲದೆ ಎಲ್ಲ ಅಡ್ಡಪಟ್ಟಿ ಸಿಕ್ಕಿಸಿ, ಎರಡು ರಬ್ಬರ್ ಬ್ಯಾಂಡ್ ಸುತ್ತಿ. ಮುಂದಿನ ಎಡಮೂಲೆಯಿಂದ ಹಿಂದಿನ ಬಲಮೂಲೆಗೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಅಳತೆ ತೆಗೆಯಿರಿ. ಎರಡೂ ಅರ್ಧ ಮಿಲಿಮೀಟರ್ ಒಳಗೆ ಒಂದೇ ಇರಬೇಕು. ಬಡಗಿಗಳ ಚಿಕ್ಕ ಮೂಲೆಮಟ್ಟ ಒಂದಿದ್ದರೆ ರೈಲು ನೆಟ್ಟಗೆ ನಿಂತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಈಗ ನೀರಿನಂಥ ತೆಳು ಪ್ಲಾಸ್ಟಿಕ್ ಅಂಟು, ಮೊದಲು ಎರಡು ತುದಿಯ ಪಟ್ಟಿಗಳಿಗೆ ಮಾತ್ರ. ಒಂದು ರಾತ್ರಿ ಬಿಟ್ಟು ನಡುವಿನವು. ಅವಸರಕ್ಕೆ ಫೆವಿಕ್ವಿಕ್ ಹಾಕಿದರೆ ತಿದ್ದಲು ಅವಕಾಶ ಸಿಗುವುದಿಲ್ಲ.

ಕೊನೆಯ ಪರೀಕ್ಷೆ ಕಾಗದದ್ದು. ಪಾಟಾ, ಆಕ್ಸಲ್ ಅಂಟಿಸಿ, ಅಂಟು ಇನ್ನೂ ಹಸಿ ಇರುವಾಗಲೇ ಚಕ್ರಗಳನ್ನು ಒತ್ತಿ ಸಿಕ್ಕಿಸಿ, ಗಾಜಿನ ಮೇಲೆ ನಿಲ್ಲಿಸಿ. ಚಾಸಿಸ್ ಮೇಲೆ ಇನ್ನೂರು ಗ್ರಾಂ ತೂಕ ಇಡಿ. ಬಸ್ ಟಿಕೆಟ್‌ನಷ್ಟು ತೆಳುವಾದ ಕಾಗದದ ಚೂರನ್ನು ಒಂದೊಂದೇ ಟೈರಿನ ಕೆಳಗೆ ತೂರಿಸಿ ನೋಡಿ. ಸಲೀಸಾಗಿ ಒಳಗೆ ಹೋಯಿತೆಂದರೆ ಆ ಚಕ್ರ ತೇಲುತ್ತಿದೆ. ಆ ಆಕ್ಸಲನ್ನು ಆಗಲೇ ತಿರುಗಿಸಿ ಸರಿಮಾಡಿ, ತೂಕ ಇಟ್ಟ ಹಾಗೇ ಮರುದಿನದವರೆಗೆ ಮುಟ್ಟಬೇಡಿ. ಇಷ್ಟು ಮಾಡಿದರೆ ಟ್ರಕ್ಕು ನಿಲ್ಲುತ್ತದೆ. ಆದರೆ ಇದಿಷ್ಟೂ ಕೆಲಸ ಕೊನೆಗೆ ಕ್ಯಾಬಿನ್ ಅಡಿಯಲ್ಲಿ ಮುಚ್ಚಿಹೋಗುತ್ತದೆ ಅನ್ನುವುದು ನನ್ನ ತಕರಾರು.

ಯುರೋಪಿನ ಟ್ರಕ್ಕಿಗೆ ಸ್ಟೀರಿಂಗ್ ಎಡಕ್ಕೆ. ನಮ್ಮ ರಸ್ತೆಯ ಲೆಕ್ಕಕ್ಕೆ ಬಲಕ್ಕೆ ಬೇಕೆಂದರೆ ಡ್ಯಾಶ್‌ಬೋರ್ಡ್ ಕುಯ್ದು ತಿರುಗಿಸಿ ಕೂಡಿಸಬೇಕು. ಜಪಾನಿ ಕಾರುಗಳಲ್ಲಿ ಬಲಗೈ ಸ್ಟೀರಿಂಗ್ ಸಾಮಾನ್ಯ, ಕೆಲವು ಡಬ್ಬಿಗಳಲ್ಲಿ ಎರಡೂ ಡ್ಯಾಶ್‌ಬೋರ್ಡ್ ಇರುತ್ತವೆ.

ಅಮೆರಿಕದ ಟ್ರಕ್ಕು ನೋಡಲು ರಾಜ, ಅದರಲ್ಲಿ ಎರಡು ಮಾತಿಲ್ಲ. ಅದರ ಕಾಟ ಕ್ರೋಮ್. ಬಂಪರ್, ಡೀಸೆಲ್ ಟ್ಯಾಂಕು, ಮೇಲಕ್ಕೆ ನಿಂತ ಸೈಲೆನ್ಸರ್ ಕೊಳವೆ, ಎಲ್ಲ ಹೊಳೆಯುವ ಲೇಪದೊಂದಿಗೆ ಬರುತ್ತವೆ. ಆದರೆ ಕೊಳವೆ, ಟ್ಯಾಂಕು ಎರಡೆರಡು ಹೋಳು. ಕ್ರೋಮ್ ಮೇಲೆ ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ, ಆದ್ದರಿಂದ ಕೂಡುವ ಅಂಚನ್ನು ಬ್ಲೇಡಿನಿಂದ ಕೆರೆಯಬೇಕು. ಕೂಡಿಸಿದ ಮೇಲೆ ಸಂದು ಉಜ್ಜಿದರೆ ಹೊಳಪು ಹೋಗುತ್ತದೆ, ಉಜ್ಜದಿದ್ದರೆ ಸಂದು ಎದ್ದು ಕಾಣುತ್ತದೆ. ಕೊನೆಗೆ ಪೂರ್ತಿ ಕ್ರೋಮ್ ತೆಗೆಯುವುದೇ ದಾರಿ. ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣದಲ್ಲಿ ಮುಳುಗಿಸಿಟ್ಟರೆ ಕರಗಿ ಹೋಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್‌ನಿಂದಲೂ ಹೋಗುತ್ತದೆ, ಆದರೆ ಇವೆರಡನ್ನು ಎಂದೂ ಬೆರೆಸಬೇಡಿ, ಕ್ಲೋರಿನ್ ವಿಷಗಾಳಿ ಹುಟ್ಟುತ್ತದೆ. ಆಮೇಲೆ ಹೊಳಪಿನ ಕಪ್ಪು, ಅದರ ಮೇಲೆ ತೆಳುವಾಗಿ ಸಿಲ್ವರ್. ಅಂಗಡಿಯ 'ಕ್ರೋಮ್' ಸ್ಪ್ರೇ ಒಣಗಿದಾಗ ಚೆನ್ನಾಗಿರುತ್ತದೆ, ಬೆರಳು ತಾಗಿದರೆ ಮಂಕು, ಮೇಲೆ ಕ್ಲಿಯರ್ (ಬಣ್ಣವಿಲ್ಲದ ಹೊಳಪು ಪದರ) ಹೊಡೆದರೆ ಬೂದು.

ಹಳೆ ಅಚ್ಚಿನ ಕಿಟ್‌ಗಳ ಇನ್ನೊಂದು ರೋಗ ಟೈರು. ಮೆತ್ತನೆ ವಿನೈಲ್ ಟೈರಿನಿಂದ ಎಣ್ಣೆಯಂಥದು ಒಸರಿ, ಅದು ತಾಗಿದ ಪ್ಲಾಸ್ಟಿಕ್ ಚಕ್ರವನ್ನು ತಿನ್ನುತ್ತದೆ. ನಮ್ಮ ಸೆಕೆಯಲ್ಲಿ ಅದು ಬೇಗ. ನಲ್ಲಿ ಜೋಡಿಸುವವರು ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ರಿಮ್ಮಿಗೆ ಒಂದು ಸುತ್ತು ಹಾಕಿ ಟೈರು ತೊಡಿಸಿ. ಡಬ್ಬಿ ಬಂದ ದಿನವೇ ಟೈರುಗಳನ್ನು ಬೇರೆ ಪೊಟ್ಟಣಕ್ಕೆ ಹಾಕಿ. ಗಾಜಿನ ಭಾಗಗಳ (ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್) ಜೊತೆ ಇಟ್ಟರೆ ಗಾಜಿನ ಮೇಲೆ ಟೈರಿನ ಅಚ್ಚು ಕೂರುತ್ತದೆ.

ಇನ್ನು ಕಾರು. ಕಾರಿನಲ್ಲಿ ಜೋಡಣೆ ಸುಲಭ, ಬಣ್ಣ ಕಷ್ಟ. ನೋಡುವವರು ನೋಡುವುದೆಲ್ಲ ಬಾಡಿಯನ್ನೇ, ಅಲ್ಲಿ ಒಂದು ಧೂಳಿನ ಕಣ ಕೂತರೂ ಗೊತ್ತಾಗುತ್ತದೆ. ಆದರೂ ಇದು ಕಲಿತರೆ ಬರುವ ಕಷ್ಟ, ಪಟ್ಟ ಶ್ರಮವೆಲ್ಲ ಕಣ್ಣಿಗೆ ಕಾಣುವ ಜಾಗದಲ್ಲೇ ಇರುತ್ತದೆ.

ಕ್ರಮ ಹೀಗೆ. ಕಿಟಕಿಯ ಕಂಬಗಳು, ಬಂಪರ್ ಮೂಲೆಗಳ ಮೇಲೆ ಅಚ್ಚಿನ ಗೆರೆ ಇರುತ್ತದೆ; 600, ಆಮೇಲೆ 1000 ನಂಬರಿನ ವಾಟರ್ ಪೇಪರಿನಿಂದ ತೆಗೆಯಿರಿ. ಬಾಗಿಲು, ಬಾನೆಟ್ಟಿನ ಸಂದುಗೆರೆಗಳನ್ನು ಬ್ಲೇಡಿನ ಬೆನ್ನಿನಿಂದ ಎರಡು ಸಲ ಮೆಲ್ಲಗೆ ಎಳೆದು ಆಳ ಮಾಡಿ, ಇಲ್ಲದಿದ್ದರೆ ಪ್ರೈಮರ್, ಬಣ್ಣ, ಕ್ಲಿಯರ್ ಸೇರಿ ಅವನ್ನು ತುಂಬಿಬಿಡುತ್ತವೆ. ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ, ಬರಿಗೈಯಲ್ಲಿ ಮುಟ್ಟಬೇಡಿ. 20-25 ಸೆಂ.ಮೀ. ದೂರದಿಂದ ಪ್ರೈಮರ್ ಎರಡು ತೆಳು ಪದರ. ಬಣ್ಣ ಮೊದಲೆರಡು ಸಲ ಬರೀ ಹನಿ ಉದುರಿಸಿದಷ್ಟು, ಹದಿನೈದು ನಿಮಿಷ ಬಿಟ್ಟು ಒಂದು ಹಸಿ ಪದರ. ಟಾಮಿಯಾದ ಟಿಎಸ್ ಸ್ಪ್ರೇ 100 ಮಿ.ಲೀ. ಡಬ್ಬಿ ಒಂದು ಕಾರಿನ ಬಾಡಿಗೆ ಧಾರಾಳ. ಪಿಎಸ್ ಅಂತ ಬರೆದದ್ದು ಪಾಲಿಕಾರ್ಬೊನೇಟ್ ಬಾಡಿಗೆ, ಇದಕ್ಕಲ್ಲ. ತರಿಸುವಾಗ ಆ ಎರಡಕ್ಷರ ನೋಡಿಕೊಳ್ಳಿ.

ರಿಂಗ್ ರೋಡಿನ ಗ್ಯಾರೇಜು ಸಾಮಾನಿನ ಅಂಗಡಿಯಲ್ಲಿ ಸಿಗುವ ಕಾರ್ ಟಚಪ್ ಸ್ಪ್ರೇ ಅಗ್ಗ. ಅದರ ಥಿನ್ನರ್ ಖಾರ, ಬರಿ ಪ್ಲಾಸ್ಟಿಕ್ ಮೇಲೆ ಹೊಡೆದರೆ ಮೇಲ್ಮೈ ಬಿರುಕುಬಿಟ್ಟು ಸುಕ್ಕಾಗುತ್ತದೆ. ಒಳ್ಳೆ ಪ್ರೈಮರ್ ಕೆಳಗಿದ್ದರೆ ಕೆಲವು ನಡೆಯುತ್ತವೆ. ಬಿಡಿಭಾಗ ಕತ್ತರಿಸಿ ಉಳಿದ ಕಡ್ಡಿಗೆ ಪ್ರೈಮರ್ ಹಾಕಿ, ಅದರ ಮೇಲೆ ಮೊದಲು ಪರೀಕ್ಷಿಸಿ.

ಬಿಸಿಲಿನ ಮಾತು. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದ ಮಧ್ಯಾಹ್ನ ಸ್ಪ್ರೇ ಹೊಡೆದರೆ ಹನಿ ಬಾಡಿಗೆ ತಾಗುವ ಮೊದಲೇ ಒಣಗಿ ಮೇಲ್ಮೈ ತರಿತರಿಯಾಗುತ್ತದೆ. ಹಾಗಂತ ಕೂಲರ್ ಹಾಕಿದ ಕೋಣೆಗೆ ಹೋದರೆ ಇನ್ನೂ ಕೆಟ್ಟದು: ಕೂಲರಿನ ತೇವಕ್ಕೆ ಈ ಲ್ಯಾಕರ್ ಬಣ್ಣ ಬೆಳ್ಳಗೆ ಮಂಜು ಕಟ್ಟುತ್ತದೆ. ಮಳೆಗಾಲದಲ್ಲೂ ಅದೇ ಕತೆ. ಬೇಸಿಗೆಯಲ್ಲಿ ಬೆಳಿಗ್ಗೆ ಆರರ ಸುಮಾರಿಗೆ, ಫ್ಯಾನ್ ಆರಿಸಿ, ಬಾಗಿಲು ತೆರೆದು, ಮಾಸ್ಕ್ ಹಾಕಿಕೊಂಡು ಹೊಡೆಯುವುದು ವಾಸಿ. ನವೆಂಬರಿನಿಂದ ಜನವರಿ ನಮಗೆ ಬಣ್ಣದ ಸುಗ್ಗಿ. ಸ್ಪ್ರೇ ಡಬ್ಬಿಯ ಮೇಲೆ 40 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಇಡಬೇಡಿ ಅಂತ ಬರೆದಿರುತ್ತದೆ. ಮಾಳಿಗೆ ಮೇಲಿನ ಕೋಣೆ, ಬೈಕ್ ಡಿಕ್ಕಿ ಎರಡೂ ಅದಕ್ಕೆ ಅಪಾಯ. ಸ್ಪ್ರೇ ಡಬ್ಬಿಗಳನ್ನು ವಿಮಾನದಲ್ಲಿ ಕಳಿಸುವುದಿಲ್ಲ, ರಸ್ತೆಯಲ್ಲೇ ಬರಬೇಕು. ಹಾಗಾಗಿ ಕಿಟ್‌ಗಿಂತ ಮುಂಚೆ ಬಣ್ಣ ತರಿಸಿ.

ಈಗ ಲೆಕ್ಕ ಹಾಕಿ ನೋಡಿ. ಕಾರಿಗೆ ಮುಖ್ಯ ಬಣ್ಣ ಒಂದು. ಟ್ರಕ್ಕಿಗೆ ಕ್ಯಾಬಿನ್, ಚಾಸಿಸ್, ಚಕ್ರ, ಟ್ಯಾಂಕು, ಪ್ರತಿಯೊಂದಕ್ಕೂ ಬೇರೆ, ಪ್ರತಿಯೊಂದಕ್ಕೂ ಬೇರೆ ಬೆಳಿಗ್ಗೆ.

ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಅಕ್ಷರ, ಗುರುತಿನ ಚಿತ್ರ) ಮೂರಕ್ಕೂ ಒಂದೇ. ಬೋರಿನ ನೀರಿನಲ್ಲಿ ನೆನೆಸಿದರೆ ಒಣಗಿದ ಮೇಲೆ ಸುತ್ತ ಬಿಳಿ ಉಪ್ಪಿನ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ (ಆಸಿಡ್ ಅಲ್ಲ, ಲೇಬಲ್ ಓದಿ). ಹಚ್ಚುವ ಜಾಗವನ್ನು ಮೊದಲೇ ಒದ್ದೆ ಮಾಡಿಕೊಳ್ಳಿ, ಸೆಕೆಗೆ ಡಿಕಾಲ್ ಬೇಗ ಕಚ್ಚಿಕೊಳ್ಳುತ್ತದೆ. ಮೇಲೆ ಟಿಎಸ್-13 ಕ್ಲಿಯರ್ ಹೊಡೆಯುವುದಿದ್ದರೆ ಮೊದಲ ಪದರಗಳು ಹನಿಹನಿಯಾಗಿರಲಿ, ಒಮ್ಮೆಗೇ ದಪ್ಪ ಹಾಕಿದರೆ ಡಿಕಾಲನ್ನೇ ತಿನ್ನುತ್ತದೆ. ಹಳೆ ಡಬ್ಬಿಯ ಡಿಕಾಲ್ ಹಾಳೆ ಹಳದಿಯಾಗಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಕೆಲವು ದಿನಕ್ಕೆ ಬೆಳ್ಳಗಾಗುತ್ತದೆ. ಈ ಹವ್ಯಾಸದಲ್ಲಿ ನಮ್ಮ ಬಿಸಿಲಿನಿಂದ ಉಪಕಾರ ಆಗುವುದು ಇಲ್ಲಿ ಮಾತ್ರ.

ಗಾಜಿಗೆ ಫೆವಿಕೋಲ್. ಫೆವಿಕ್ವಿಕ್ ಹಾಕಿದರೆ ಗಾಜು ಮಬ್ಬಾಗುತ್ತದೆ.

ನನಗೆ ಕೆಲಸಕ್ಕೆ ಸಿಗುವುದು ರಾತ್ರಿ ಊಟದ ನಂತರದ ಒಂದು ಗಂಟೆ, ಭಾನುವಾರದ ಬೆಳಿಗ್ಗೆ. ಮೇಜು ಚಿಕ್ಕದು, ಶೋಕೇಸಿನ ಹಲಗೆಯ ಆಳ ಒಂದು ಗೇಣು. 18 ಸೆಂ.ಮೀ. ಕಾರು ಅದರಲ್ಲಿ ಕೂರುತ್ತದೆ, ಟ್ರಕ್ಕನ್ನು ಅಡ್ಡ ನಿಲ್ಲಿಸಬೇಕು. ಬಣ್ಣ, ಅಂಟು, ಪ್ರೈಮರ್ ಸೇರಿಸಿದರೆ ಟ್ರಕ್ಕಿನ ಒಟ್ಟು ಖರ್ಚು ಕಾರಿನ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಆ ದುಡ್ಡಿಗೆ ನಾನು ಎರಡು ಕಾರು ತರುತ್ತೇನೆ. ಮೊದಲ ಸಲ ಕಟ್ಟುವವರು ಟಾಮಿಯಾದ ಎಂಎಕ್ಸ್-5 ಅಥವಾ ಜಿಆರ್ 86 ಥರದ ಚಿಕ್ಕ ಕಾರು ನೋಡಲಿ. ಮಕ್ಕಳ ಜೊತೆ ಕೂರುವವರಿಗೆ ಅಂಟು, ಬಣ್ಣ ಯಾವುದೂ ಬೇಡದ ಆಓಶಿಮಾದ 1/32 ಸ್ನ್ಯಾಪ್ ಕಿಟ್ ಸಾಕು.

ಇಲ್ಲ, ಲಾರಿಯೇ ಬೇಕು ಅನ್ನುವವರು ಯುರೋಪಿನದನ್ನು ತಗೊಳ್ಳಿ, ಅದೂ 4x2 (ನಾಲ್ಕು ಚಕ್ರ, ಎಂಜಿನ್ ತಿರುಗಿಸುವುದು ಎರಡನ್ನು). ನೆಲ ಮುಟ್ಟಿಸಬೇಕಾದ ಜಾಗ ನಾಲ್ಕು. 6x4 ಆದರೆ ಆರು, ಜೊತೆಗೆ ಹಿಂದಿನ ಎರಡು ಆಕ್ಸಲ್ ಒಂದಕ್ಕೊಂದು ಸಮಾನಾಂತರ ಇರಬೇಕು. ಡಬ್ಬಿಯ ಪಕ್ಕದಲ್ಲಿ ಟ್ರಕ್ಕಿನ ಹಿಂಬದಿಯ ಚಿತ್ರ ಇರುತ್ತದೆ, ದುಡ್ಡು ಕೊಡುವ ಮೊದಲು ಆಕ್ಸಲ್ ಎಣಿಸಿ.