ಒಸಿಡಿಗೆ ಮಾತ್ರೆಯೋ, ಥೆರಪಿಯೋ?

ಒಸಿಡಿ, ಅಂದರೆ ಬೇಡವೆಂದರೂ ಕಾಡುವ ಯೋಚನೆ ಮತ್ತು ಅದಕ್ಕಾಗಿ ಮತ್ತೆ ಮತ್ತೆ ಕೈ ತೊಳೆಯುವಂಥ ಗೀಳು ಇರುವ ತಮ್ಮನಿಗೆ ಇವೆರಡರಲ್ಲಿ ಯಾವುದು ಕೊಡಿಸಲಿ ಎಂದು ಕೇಳಿದ್ದೀರಿ.

ಇಆರ್‌ಪಿ ಥೆರಪಿ ಎಂದರೆ ಭಯವನ್ನು ಎದುರಿಸಿ, ಗೀಳಿನ ಕೆಲಸ ಮಾಡದೆ ಇರುವ ಅಭ್ಯಾಸ. ಉದಾಹರಣೆಗೆ, ಕೊಳೆಯ ಭಯವಿದ್ದರೆ ಬಾಗಿಲ ಹಿಡಿ ಮುಟ್ಟಿಸಿ, ಕೈ ತೊಳೆಯದೆ ಕೂರಿಸುತ್ತಾರೆ. ಮೊದಲು ಎದೆ ಡವಡವ ಅನ್ನುತ್ತದೆ. ತೊಳೆಯದಿದ್ದರೂ ಏನೂ ಆಗಲಿಲ್ಲ ಎಂದು ಮನಸ್ಸು ನಿಧಾನವಾಗಿ ಕಲಿಯುತ್ತದೆ. ಆ ಕಲಿಕೆ ಉಳಿಯುತ್ತದೆ. ಆದರೆ ವಾರವಾರ ಹೋಗಬೇಕು, ಮನೆಯಲ್ಲೂ ಅಭ್ಯಾಸ ಮಾಡಬೇಕು, ಖಾಸಗಿಯಾದರೆ ಖರ್ಚೂ ಜಾಸ್ತಿ.

ಫ್ಲೂಆಕ್ಸೆಟಿನ್‌ನಂಥ ಮಾತ್ರೆ ಅಗ್ಗ, ಸುಲಭ. ಪರಿಣಾಮ ಅಳೆಯಲು 8ರಿಂದ 12 ವಾರ ಕಾಯಬೇಕು. ಖಿನ್ನತೆಗೆ ಕೊಡುವುದಕ್ಕಿಂತ ಒಸಿಡಿಗೆ ಡೋಸ್ ಸಾಮಾನ್ಯವಾಗಿ ಜಾಸ್ತಿ. ವೈದ್ಯರನ್ನು ಕೇಳದೆ ಸುಮ್ನೆ ನಿಲ್ಲಿಸಿದರೆ ಕಾಯಿಲೆ ಮರಳಬಹುದು.

ಸೌಮ್ಯವಾಗಿದ್ದರೆ ಥೆರಪಿಯೇ ಸಾಕಾಗಬಹುದು. ಜೊತೆಗೆ ಖಿನ್ನತೆಯಿದ್ದರೆ ಅಭ್ಯಾಸಕ್ಕೆ ಕೂರುವ ಶಕ್ತಿಯೇ ಇರೋದಿಲ್ಲ ಅಲ್ವಾ? ಆಗ ಮಾತ್ರೆಯಿಂದ ಶುರು ಮಾಡುವುದು ಮೇಲು. ತೀವ್ರವಾಗಿದ್ದರೆ ಎರಡೂ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೇ ಕ್ಲಿನಿಕ್ ಇದೆ. ಹೋಗಲು ಸಂಕೋಚವಾದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ.